ಕರಿಮಣ್ಣಿನ ವೈಹಾಳಿ

ಹೋದ ವರುಷ ಸುಗ್ಗಿ ತೀರಿ, ಕಡಲೆಯ ರಾಶಿಯೂ ಮನೆ ಸೇರಿ, ಹೊಲಗಳೆಲ್ಲ ಬೋಳಾಗಿ ಮಲಗಿದ್ದ ಹೊತ್ತಿನಲ್ಲಿ, ನನ್ನ ತಂಗಿಯ ಮೊಮ್ಮಗನೊಬ್ಬನು ಲಾತೂರಿನಿಂದ ಹಳೆಯದೊಂದು ಮಾರುತಿ ಕಾರಿನೊಡನೆ ಕಾಸಾರಶಿರಸಿಗೆ ಬಂದಿಳಿದು, ಊರ ಪಡುವಣಕ್ಕಿರುವ ನಮ್ಮ ಮರಡಿಯ ತುಂಡನ್ನು ಎರಡು ದಿನದ ಮಟ್ಟಿಗೆ ತನಗೆ ಬಿಟ್ಟುಕೊಡಬೇಕೆಂದು ಬಹು ವಿನಯದಿಂದ ಕೇಳಿಕೊಂಡನು. ಬಿತ್ತುವವನೂ ಅಲ್ಲ, ಬೆಳೆಯುವವನೂ ಅಲ್ಲದ ಈ ಹುಡುಗನಿಗೆ ಕಲ್ಲುಹರಳಿನ ಆ ಬಡನೆಲದಿಂದ ಏನು ಪ್ರಯೋಜನವೆಂದು ವಿಚಾರಿಸಲಾಗಿ, "ಮುತ್ಯಾ, ಆಟೋಕ್ರಾಸ್ ಕಲಿಯೋದದ. ಬರೇ ಎರಡು ದಿನ ಸಾಕು" ಎಂದನು. ಆ ಶಬ್ದವನ್ನು ನಾನು ಆವರೆಗೆ ಕೇಳಿರಲಿಲ್ಲ. ಅವನು ವಿವರಿಸಿದ ಮೇಲೆ ಮಾತ್ರ, ಶಬ್ದವೊಂದು ಹೊಸದೇ ಹೊರತು ವಸ್ತುವು ಹೊಸದಲ್ಲವೆಂದೂ, ಅದರ ವಂಶಾವಳಿಯನ್ನು ಹುಡುಕಲು ಈ ಎರೆಯ ನಾಡನ್ನು ಬಿಟ್ಟು ಬಹು ದೂರ ಹೋಗಬೇಕಾಗಿಲ್ಲವೆಂದೂ ನನಗೆ ತೋರಿತು. ಆ ತೋರಿಕೆಯೇ ಈ ಬರಹಕ್ಕೆ ಕಾರಣ.

ಮೋಟಾರು ಪಂದ್ಯಗಳ ದೊಡ್ಡ ಕುಟುಂಬದಲ್ಲಿ ಆಟೋಕ್ರಾಸೆಂಬುದು ಬಹುಶಃ ಎಲ್ಲರಿಗಿಂತ ಬಡವನಾದ ದಾಯಾದಿ. ಕೋಟಿಗಟ್ಟಲೆ ವೆಚ್ಚದ ಡಾಂಬರಿನ ಸುತ್ತುದಾರಿಯಾಗಲಿ, ಪ್ರೇಕ್ಷಕರ ಮೆಟ್ಟಿಲುಗಳಾಗಲಿ, ಹಿಂದೆ ಮುಂದೆ ಓಡಾಡುವ ಯಂತ್ರಜ್ಞರ ಪರಿವಾರವಾಗಲಿ ಅದಕ್ಕೆ ಬೇಕಿಲ್ಲ. ಒಂದು ಬಯಲು, ತಿರುವುಗಳನ್ನು ಗುರುತಿಸಲು ಸಾಲಾಗಿ ಇಟ್ಟ ಕೆಲವು ಕೋನುಗಳು, ಸೆಕೆಂಡನ್ನೂ ಸೀಳಿ ಅಳೆಯಬಲ್ಲ ಒಂದು ಗಡಿಯಾರ, ಇಷ್ಟಿದ್ದರೆ ಆಟವು ನಡೆಯುತ್ತದೆ. ಹೆಚ್ಚಾಗಿ ಒಂದೊಂದೇ ವಾಹನವು ಕಣಕ್ಕೆ ಇಳಿಯುವುದರಿಂದ ಒಬ್ಬನು ಇನ್ನೊಬ್ಬನನ್ನು ತಾಗುವ, ಹಿಂದಿಕ್ಕುವ, ಅಡ್ಡಗಟ್ಟುವ ಪ್ರಶ್ನೆಯೇ ಇಲ್ಲ. ಓಡಿಸುವವನಿಗೆ ಎದುರಾಳಿಯೆಂದರೆ ಹೊತ್ತು ಒಂದೇ. ಎಲ್ಲಕ್ಕಿಂತ ಮುಖ್ಯವಾಗಿ, ಸೋಮವಾರದಿಂದ ಶನಿವಾರದವರೆಗೆ ಕಚೇರಿಗೂ ಸಂತೆಗೂ ಹೋಗಿಬಂದ ಕಾರೇ ಭಾನುವಾರ ಈ ಕಣದಲ್ಲಿ ಓಡಬಹುದು. ದುಡಿಯುವ ವಾಹನವೇ ಆಡುವ ವಾಹನ ಎಂಬ ಈ ಒಂದು ಲಕ್ಷಣವನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಮುಂದಿನ ಕಥೆಯೆಲ್ಲ ಅದರ ಸುತ್ತಲೇ ತಿರುಗುತ್ತದೆ.

ನಮ್ಮ ಸೀಮೆಯ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಕಾಸಾರಶಿರಸಿಯು ಇಂದು ಮಹಾರಾಷ್ಟ್ರದ ಲಾತೂರು ಜಿಲ್ಲೆಯ ನಿಲಂಗಾ ತಾಲೂಕಿನಲ್ಲಿದೆ. ಸಂಸ್ಕೃತದಲ್ಲಿ ಕಾಸಾರವೆಂದರೆ ಕೆರೆ. ಮರಾಠಿಯಲ್ಲಿ ಕಾಸಾರನೆಂದರೆ ಕಂಚು ತಾಮ್ರದ ಪಾತ್ರೆ ಮಾಡುವವನು, ಬಳೆ ಮಾರುವವನು. ಕೆರೆಯ ಅರ್ಥವನ್ನು ಪಂಡಿತರಿಗೂ ಬಳೆಯ ಅರ್ಥವನ್ನು ಹೆಂಗಸರಿಗೂ ಬಿಟ್ಟು ನಾವು ಊರವರು ಬರಿದೆ ಶಿರಸಿ ಎನ್ನುತ್ತೇವೆ. ನಿಜಾಮರ ಆಳ್ವಿಕೆಯಲ್ಲಿ ನಿಲಂಗಾ ಮತ್ತು ಉದಗೀರ ತಾಲೂಕುಗಳು ಬೀದರ ಜಿಲ್ಲೆಗೂ ಉಮರಗಾ ತಾಲೂಕು ಉಸ್ಮಾನಾಬಾದಿಗೂ ಸೇರಿದ್ದವು. 1956ರ ನವೆಂಬರು 1ರಂದು ರಾಜ್ಯಗಳ ಪುನರ್ರಚನೆಯಾದಾಗ ಬೀದರವು ಮೈಸೂರಿಗೆ ಹೋಯಿತು, ಅಹಮದಪುರ, ನಿಲಂಗಾ, ಉದಗೀರಗಳು ಮುಂಬಯಿ ರಾಜ್ಯಕ್ಕೆ ಬಂದವು. ಲಾತೂರು ಬೇರೆ ಜಿಲ್ಲೆಯಾದದ್ದು 1982ರಲ್ಲಿ. ಗೆರೆಗಳು ಹೀಗೆ ನಕಾಶೆಯ ಮೇಲೆ ಅತ್ತಿತ್ತ ಸರಿದಾಡುತ್ತಿದ್ದರೂ, ಮನೆಯೊಳಗಿನ ಕನ್ನಡವೂ ಅಂಗಡಿಯ ಮರಾಠಿಯೂ ಕಾಗದಪತ್ರದ ಹಳೆಯ ಉರ್ದುವೂ ಒಂದೇ ಬಾಯಲ್ಲಿ ಬಾಳುವೆ ಮಾಡುವ ಪದ್ಧತಿಯು ಕೆಡಲಿಲ್ಲ. ಎತ್ತುಗಳಂತೂ ಮೂರು ಭಾಷೆಗೂ ಸಮಾನವಾಗಿ ಕಿವಿಗೊಡುತ್ತಿದ್ದವು.

ಕಲ್ಯಾಣವು ನಮಗೆ ದೂರವಲ್ಲ. ಚಾಲುಕ್ಯ ಚಕ್ರವರ್ತಿಗಳ ಆ ರಾಜಧಾನಿಯಲ್ಲಿ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಆಳಿದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸನಿಗೆ ತಕ್ಕ ವಿನೋದಗಳನ್ನು ಹೇಳುವಾಗ ಗಜವಾಹ್ಯಾಳಿ, ತುರಗವಾಹ್ಯಾಳಿಗಳಿಗೆ ಒಳ್ಳೆಯ ಸ್ಥಳವನ್ನೇ ಕೊಟ್ಟಿದ್ದಾನೆ. ವಾಹ್ಯಾಳಿಯೆಂದರೆ ಆನೆ ಕುದುರೆಗಳನ್ನು ಓಡಿಸಿ ಪಳಗಿಸಲು ಹದಮಾಡಿದ ಬಯಲು. ಹಳಗನ್ನಡ ನಡುಗನ್ನಡಗಳ ಕವಿಗಳು ಅದನ್ನೇ ವೈಹಾಳಿ, ವಯ್ಯಾಳಿ ಎಂದು ತಮ್ಮ ನಾಲಗೆಗೆ ಒಗ್ಗಿಸಿಕೊಂಡರು. ಇಂಥ ಸುಂದರವಾದ ಪದವನ್ನು ನಿಘಂಟಿನಲ್ಲಿ ಮಲಗಲು ಬಿಟ್ಟು, ರೇಸ್ ಟ್ರ್ಯಾಕೆಂದು ತೊದಲುವುದು ನಮ್ಮ ಕಾಲದ ದಾರಿದ್ರ್ಯವೆಂದು ನನ್ನ ಖಾಸಾ ಅಭಿಪ್ರಾಯ. ಆದರೆ ಒಂದನ್ನು ಒಪ್ಪಲೇಬೇಕು: ಸೋಮೇಶ್ವರನ ವೈಹಾಳಿಯು ಅರಸನದು. ಉಳದ ಕುದುರೆ, ಹೊರದ ಆನೆ, ದುಡಿಯದ ಒಡೆಯ. ಅಲ್ಲಿ ಓಟವು ವೈಭವದ ಒಂದು ಅಂಗ. ಬೇಸಾಯಗಾರನ ವೈಹಾಳಿಯನ್ನು ಯಾವ ಅರಸನೂ ಬರೆದಿಡಲಿಲ್ಲ. ಅದು ಪಂಚಾಂಗದಲ್ಲಿ ಉಳಿದುಕೊಂಡಿತು.

ಜ್ಯೇಷ್ಠ ಮಾಸದ ಹುಣ್ಣಿಮೆಯನ್ನು ನಾವು ಕಾರಹುಣ್ಣಿವೆ ಎನ್ನುತ್ತೇವೆ. ನಮ್ಮ ಕಡೆಯ ಮರಾಠಿಗರೂ ಅದನ್ನು ತರ್ಜುಮೆ ಮಾಡದೆ ಕಾರಹುಣವಿ ಎಂದೇ ಕರೆಯುತ್ತಾರೆ. ಮಹಾರಾಷ್ಟ್ರದ ಬಹುಭಾಗದಲ್ಲಿ ಎತ್ತಿನ ಹಬ್ಬವೆಂದರೆ ಶ್ರಾವಣದ ಅಮಾವಾಸ್ಯೆಯ ಪೋಳಾ. ನಮ್ಮ ಗಡಿಯ ತಾಲೂಕುಗಳಲ್ಲಿ ಮಾತ್ರ ಮುಂಗಾರಿನ ಮುಖದಲ್ಲಿ ಬರುವ ಈ ಹುಣ್ಣಿಮೆಗೆ ಮಾನ ಹೆಚ್ಚು. ಎತ್ತಿನ ಹಬ್ಬವನ್ನು ಯಾವ ತಿಂಗಳಲ್ಲಿ ಮಾಡುತ್ತಾರೆಂದು ಕೇಳಿದರೆ ಸಾಕು, ಆ ಊರಿನ ಹಳೆಯ ನುಡಿ ಯಾವುದೆಂದು ಅರ್ಧ ತಿಳಿದಂತೆಯೇ ಎಂದು ನಮ್ಮ ಮುತ್ಯಾ ಹೇಳುತ್ತಿದ್ದರು. ಹುಣ್ಣಿಮೆಯ ಹಿಂದಿನ ದಿನ ಹೊನ್ನುಗ್ಗಿ. ಎತ್ತುಗಳನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗಿ ಮೈತಿಕ್ಕಿ ತೊಳೆದು, ಹುಗ್ಗಿಯನ್ನು ಉಣಿಸಿ, ಗೊಟ್ಟದಿಂದ ಎಣ್ಣೆ ಅರಿಸಿನವನ್ನೋ ಮಜ್ಜಿಗೆಯನ್ನೋ ಕುಡಿಸುವರು. ಮರುದಿನ ಕೊಂಬಿಗೆ ಬಣ್ಣ, ತುದಿಗೆ ಕೊಂಬಣಸು, ಕೊರಳಿಗೆ ಗೆಜ್ಜೆಸರ, ಹಣೆಗೆ ಬಾಸಿಂಗ, ಬೆನ್ನಿಗೆ ಜೂಲ. ವರುಷವೆಲ್ಲ ಬಾರುಕೋಲಿನ ಕೆಳಗೆ ದುಡಿದ ಜೀವವು ಆ ದಿನ ಮದುಮಗನಂತೆ ಶೃಂಗಾರಗೊಂಡು, ನೊಗದ ನೆನಪೇ ಇಲ್ಲದಂತೆ ತಲೆಯೆತ್ತಿ ನಿಲ್ಲುವುದನ್ನು ಕಂಡವರಿಗೆ, ಸಾಯಂಕಾಲದ ಓಟವು ಅದಕ್ಕೆ ಸ್ವಾಭಾವಿಕವಾದ ಮುಕ್ತಾಯವೆಂದು ತೋರದೆ ಇರದು.

ಆ ಓಟಕ್ಕೆ ಕರಿ ಹರಿಯುವುದೆಂದು ಹೆಸರು. ಅಗಸಿಯ ಎರಡು ಬದಿಗೂ ಕಟ್ಟಿದ ಹಗ್ಗದಲ್ಲಿ ಬೇವಿನ ಸೊಪ್ಪನ್ನೂ ಕೊಬ್ಬರಿಯನ್ನೂ ಪೋಣಿಸಿ ತೋರಣದಂತೆ ಇಳಿಬಿಟ್ಟಿರುವರು, ಅದೇ ಕರಿ. ಊರ ಹೊರಗಿನ ಬಯಲಿನಿಂದ ಬಿಟ್ಟ ಎತ್ತುಗಳು ಧೂಳೆಬ್ಬಿಸಿ ಬಂದು, ಯಾವುದು ಮೊದಲು ಆ ತೋರಣವನ್ನು ಹರಿಯುವುದೋ ಅದು ಗೆದ್ದಂತೆ. ಆದರೆ ಗೆಲುವು ಒಡೆಯನೊಬ್ಬನದಲ್ಲ, ಬಣ್ಣದ್ದು: ಬಿಳಿಯ ಎತ್ತು ಹರಿದರೆ ಹಿಂಗಾರಿಯ ಜೋಳ ಚೆನ್ನಾಗಿ ಬರುವುದೆಂದೂ, ಕಂದು ಎತ್ತು ಹರಿದರೆ ಮುಂಗಾರಿಯ ಬೆಳೆ ಕೈಹಿಡಿಯುವುದೆಂದೂ ನಂಬಿಕೆ. ಇಡೀ ಊರಿನ ವರುಷದ ಅನ್ನವನ್ನು ಕೆಲವು ಕ್ಷಣಗಳ ಓಟದ ಮೇಲೆ ಇಟ್ಟು ನೋಡುವ ಈ ಧೈರ್ಯವು, ಸಹಸ್ರ ರೂಪಾಯಿಗಳ ಪಣವೊಡ್ಡುವ ಯಾವ ಪಂದ್ಯದಲ್ಲೂ ನನಗೆ ಕಂಡಿಲ್ಲ. ಅಗಸಿಯ ಬಾಯಿ ಇಕ್ಕಟ್ಟಾದದ್ದರಿಂದ ಕೊನೆಯ ಹತ್ತು ಮಾರಿನಲ್ಲಿ ವೇಗಕ್ಕಿಂತ ಜಾಣತನವೇ ಹೆಚ್ಚು ಬೇಕಾಗುತ್ತಿತ್ತು. ನುಗ್ಗುವ ಎತ್ತಿಗಿಂತ ಸಂದು ನೋಡಿ ನುಸುಳುವ ಎತ್ತು ಎಷ್ಟೋ ಸಲ ಕರಿ ಹರಿದದ್ದುಂಟು. 1993ರ ಸೆಪ್ಟೆಂಬರು 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವು ಔಸಾ, ಉಮರಗಾ, ನಿಲಂಗಾಗಳ ಕಲ್ಲುಮಣ್ಣಿನ ಮನೆಗಳನ್ನು ನೆಲಸಮ ಮಾಡಿ ಸಾವಿರಾರು ಜನರನ್ನು ನುಂಗಿದ ಮೇಲೆ, ಹಲವು ಹಳ್ಳಿಗಳು ಬೇರೆಡೆಗೆ ಎದ್ದುಹೋಗಿ ಅಗಲವಾದ ನೇರ ಬೀದಿಗಳ ಹೊಸ ಊರುಗಳಾದವು. ಬದುಕುವುದಕ್ಕೆ ಆ ಬೀದಿಗಳೇ ಲೇಸೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ಕರಿ ಕಟ್ಟಲು ಅಲ್ಲಿ ಹಳೆಯ ಅಗಸಿಯ ಇಕ್ಕಟ್ಟು ಸಿಕ್ಕಲಿಕ್ಕಿಲ್ಲ.

ನಮ್ಮ ಮನೆಯ ಎತ್ತುಗಳು ಎಂದೂ ಕರಿ ಹರಿದವಲ್ಲ. ಒಂಬತ್ತು ಹತ್ತರ ವಯಸ್ಸಿನಲ್ಲಿ ಅದು ನನಗೆ ದೊಡ್ಡ ಅಪಮಾನವಾಗಿತ್ತು. "ಮುತ್ಯಾ, ನಮ್ಮ ಎತ್ತು ಯಾಕ ಹಿಂದ ಬೀಳ್ತಾವ?" ಎಂದು ಅತ್ತುಕೊಂಡು ಕೇಳಿದರೆ, ಅವರು ಎಲೆಯಡಿಕೆಯ ಚೀಲವನ್ನು ಬಿಚ್ಚುತ್ತ, "ತಮ್ಮಾ, ಅವು ಓಡಲಾಕ ಹುಟ್ಟಿದ್ದಲ್ಲ, ಜಗ್ಗಲಾಕ ಹುಟ್ಟಿದ್ದು" ಎಂದರು. ಆ ಮಾತಿನಲ್ಲಿ ಶಾಸ್ತ್ರವಿತ್ತೆಂದು ತಿಳಿಯಲು ನನಗೆ ಬಹುಕಾಲ ಹಿಡಿಯಿತು. ನಮ್ಮ ಕಡೆಯ ತಳಿಯು ದೇವಣಿ. ಹಿಂದೆ ಉದಗೀರ ತಾಲೂಕಿನಲ್ಲಿದ್ದು ಈಗ ತಾನೇ ತಾಲೂಕಾಗಿರುವ ದೇವಣಿ ಎಂಬ ಊರಿನಿಂದ ಅದಕ್ಕೆ ಆ ಹೆಸರು. ಬಿಳಿಯ ಮೈಯ ಮೇಲೆ ಮಸಿ ಚೆಲ್ಲಿದಂತೆ ಕರಿಮಚ್ಚೆಗಳುಳ್ಳದ್ದು ಶೇವೆರಾ, ಮೈ ಬಿಳಿದಾಗಿ ಮೋರೆ ಮಾತ್ರ ಕಪ್ಪಾದದ್ದು ವಾನೆರಾ, ಮೇಲೆಲ್ಲ ಬೆಳ್ಳಗಿದ್ದು ಹೊಟ್ಟೆಯ ಕೆಳಗಷ್ಟೆ ಮಚ್ಚೆಗಳಿರುವುದು ಬಾಲಂಕ್ಯಾ, ಎಂದು ಅದರಲ್ಲಿ ಮೂರು ಬಗೆ. ಹಾಲಿಗೂ ಆದೀತು, ಎರೆಯ ಹೊಲದಲ್ಲಿ ಭಾರವಾದ ನೇಗಿಲಿಗೂ ಆದೀತು; ಆದರೆ ದೇಹ ದೊಡ್ಡದು, ಹೆಜ್ಜೆ ನಿಧಾನ. ಸೋಲಾಪುರ, ಸಾಂಗಲಿ, ವಿಜಯಪುರಗಳ ಕಡೆಯ ಖಿಲ್ಲಾರಿಯು ಇದಕ್ಕೆ ವಿರುದ್ಧವಾಗಿ ಬಿಗಿದ ಬಿಲ್ಲಿನಂಥ ಮೈ, ಹಿಂದಕ್ಕೆ ಬಾಗಿದ ನೀಳ ಕೊಂಬು, ತಟ್ಟನೆ ಕೆರಳುವ ಸ್ವಭಾವ. ಉದಗೀರ ತಾಲೂಕಿನ ಹಾಳಿ ಹಂಡರಗುಳಿಯ ದನದ ಸಂತೆಯಲ್ಲಿ ಎರಡನ್ನೂ ಒಟ್ಟಿಗೆ ಕಟ್ಟಿದ್ದನ್ನು ಕಂಡವರು, ಲಾರಿಯನ್ನೂ ಮೋಟಾರು ಸೈಕಲನ್ನೂ ಒಂದೇ ಚಪ್ಪರದ ಕೆಳಗೆ ನಿಲ್ಲಿಸಿದಂತೆ ಎಂದಾರು.

ಖಿಲ್ಲಾರಿ ಬಂದಲ್ಲಿ ಶರ್ಯತ್ತು ಬಂದಿತು. ಕರಿಯೆಂಬುದು ಊರಿನ ವ್ರತ. ಶರ್ಯತ್ತು ಊರೂರುಗಳ ನಡುವಣ ಸ್ಪರ್ಧೆ, ಜಾತ್ರೆಗಳ ಆಕರ್ಷಣೆ, ಬಹುಮಾನದ ವಸ್ತು. ಮೊದಮೊದಲು ಇಲ್ಲಿಯೂ ಉಳುವ ಜೋಡಿಯೇ ಓಡುವ ಜೋಡಿಯಾಗಿತ್ತು. ಜಾತ್ರೆಗೆ ಹೆಂಡಿರು ಮಕ್ಕಳನ್ನು ಹೇರಿಕೊಂಡು ಬಂದ ಗಾಡಿಯ ಎತ್ತನ್ನೇ ಸವಾರಿಗಾಡಿಗೆ ಹೂಡಿ ಓಡಿಸಿ, ಸಂಜೆಗೆ ಅದೇ ಎತ್ತಿನೊಡನೆ ಮನೆಗೆ ಮರಳುವರು. ಕ್ರಮೇಣ, ಗೆಲ್ಲುವ ಆಸೆಯುಳ್ಳವನು ಓಡಲೆಂದೇ ಒಂದು ಜೋಡಿಯನ್ನು ಸಾಕಿದನು. ಅದಕ್ಕೆ ನೊಗವನ್ನು ತೋರಿಸಲಿಲ್ಲ, ಹಾಲು, ಬಾದಾಮಿ, ಮೊಟ್ಟೆಗಳನ್ನು ತೋರಿಸಿದನು. ಅಂದಿನಿಂದ ಉಳುವ ಎತ್ತು ಕಣದ ಹೊರಗೆ ನಿಂತು ನೋಡಬೇಕಾಯಿತು. ಈ ಅನ್ಯಾಯವನ್ನು ಹಿರಿಯರು ಕಾಣದೆ ಇರಲಿಲ್ಲ. ಅದರ ಪರಿಹಾರಕ್ಕಾಗಿಯೇ ಹಲ್ಲು ನೋಡಿ ವರ್ಗ ಮಾಡುವ ಕ್ರಮವು ಹುಟ್ಟಿರಬೇಕೆಂದು ನಾನು ತರ್ಕಿಸುತ್ತೇನೆ. ಮಹಾರಾಷ್ಟ್ರದ ಕಣಗಳಲ್ಲಿ ಹಾಲುಹಲ್ಲಿನದು ಆದತ್, ಎರಡು ಹಲ್ಲಿನದು ದುಸಾ, ನಾಲ್ಕು ಹಲ್ಲಿನದು ಚೌಸಾ. ಎಳೆಯ ಹೋರಿಯನ್ನು ಬಲಿತ ಎತ್ತಿನೊಡನೆ ಓಡಿಸಬಾರದೆಂಬುದು ಇದರ ಹೃದಯ. ನಮ್ಮ ಹುಡುಗನು ತನ್ನ ಆಟದಲ್ಲಿ ಕಾರುಗಳನ್ನು ಎಂಜಿನ್ನಿನ ಸಿಸಿಯ ಮೇಲೆ ಬೇರೆ ಬೇರೆ ವರ್ಗ ಮಾಡುವರೆಂದು, ಯಾರೂ ಅರಿಯದ ಗುಟ್ಟನ್ನು ಹೇಳುವವನಂತೆ ಹೇಳಿದಾಗ, ಹಾಗಾದರೆ ನಿನ್ನದು ಆದತ್ತೋ ದುಸವೋ ಎಂದು ಕೇಳಿದೆ. ಅವನಿಗೆ ತಿಳಿಯಲಿಲ್ಲ, ನಕ್ಕನು.

ಇನ್ನು ಗಡಿಯಾರದ ಮಾತು. ಕರಿ ಹರಿಯುವುದಕ್ಕೆ ಗಡಿಯಾರ ಬೇಡ, ಹಗ್ಗವೇ ಸಾಕ್ಷಿ. ಎರಡು ಗಾಡಿಗಳು ಜೊತೆಯಾಗಿ ಓಡಿದರೂ ಬೇಡ, ಕಣ್ಣೇ ಸಾಕ್ಷಿ. ಒಂಟಿಯಾಗಿ ಓಡುವವನಿಗೆ ಮಾತ್ರ ಹೊತ್ತನ್ನು ಅಳೆಯುವ ಯಂತ್ರ ಬೇಕಾಗುತ್ತದೆ, ಆದುದರಿಂದ ಒಂಟಿ ಓಟವು ಗಡಿಯಾರದ ನಂತರ ಹುಟ್ಟಿದ್ದೆಂದು ತಿಳಿಯಬೇಕು. ನಮ್ಮ ಸೀಮೆಯಲ್ಲಿ ನಿಮಿಷದ ಲೆಕ್ಕವನ್ನು ಜನಸಾಮಾನ್ಯರಿಗೆ ಕಲಿಸಿದವರು ಗುರುಗಳೋ ಜ್ಯೋತಿಷಿಗಳೋ ಅಲ್ಲ, ಬಸ್ಸುಗಳು. ನಿಜಾಮ ಸಂಸ್ಥಾನದ ರೈಲ್ವೆ ಇಲಾಖೆಯು 1932ರ ಜೂನಿನಲ್ಲಿ 27 ಬಸ್ಸುಗಳೊಡನೆ ರಸ್ತೆ ಸಾರಿಗೆಯನ್ನು ಆರಂಭಿಸಿತು. ಕ್ರಮೇಣ ಅದು ದೂರದ ತಾಲೂಕುಗಳಿಗೂ ಹರಡಿದ ಮೇಲೆ, ಹೊತ್ತು ಮೂಡಿ ಮಾರುದ್ದ ಏರಿದಾಗ ಹೊರಡುತ್ತಿದ್ದ ಜನರು ಎಂಟೂ ಹತ್ತರ ಬಸ್ಸಿಗೆ ಓಡತೊಡಗಿದರು. ಮೋಟಾರು ವಾಹನದೊಡನೆ ನಮ್ಮವರು ಮಾಡಿದ ಮೊದಲನೆಯ ಪಂದ್ಯವು ಇದೇ ಎಂದರೆ ತಪ್ಪಾಗದು, ಮತ್ತು ಅದರಲ್ಲಿ ಸೋತವರೇ ಬಹಳ.

ಧಾರವಾಡ, ಹಾವೇರಿ, ಗದಗಗಳ ಕಡೆ ನಡೆಯುವ ಖಾಲಿ ಗಾಡಾ ಸ್ಪರ್ಧೆಯಲ್ಲಿ ಈ ಗಡಿಯಾರದ ಪ್ರವೇಶವನ್ನು ಸ್ಪಷ್ಟವಾಗಿ ಕಾಣಬಹುದು. ಅಲ್ಲಿ ಒಂದು ಜೋಡಿ ಎತ್ತು ಖಾಲಿ ಗಾಡಿಯೊಡನೆ ಒಂಟಿಯಾಗಿ ಓಡುತ್ತದೆ. ಒಂದು ನಿಮಿಷ ಮುಗಿದೊಡನೆ, ಗಾಡಿ ಎಷ್ಟು ದೂರ ಸಾಗಿತೆಂಬುದನ್ನು ಅಳೆದು ಬರೆದುಕೊಳ್ಳುವರು. ಕಾಲವನ್ನು ನಿಲ್ಲಿಸಿ ದೂರವನ್ನು ಅಳೆಯುವುದು ಇಲ್ಲಿಯ ಕ್ರಮ. ಆಟೋಕ್ರಾಸಿನವರು ದೂರವನ್ನು ನಿಲ್ಲಿಸಿ ಕಾಲವನ್ನು ಅಳೆಯುತ್ತಾರೆ. ಈ ವ್ಯತ್ಯಾಸಕ್ಕೆ ಕಾರಣವೇನೆಂದು ನಾನು ಹಲವು ಸಲ ಚಿಂತಿಸಿದ್ದೇನೆ. ಒಕ್ಕಲಿಗನಿಗೆ ನೆಲವನ್ನು ಅಳೆಯುವುದು ಹುಟ್ಟುಗುಣ. ಹಗ್ಗ, ಸರಪಳಿ, ಮಾರು, ಮೊಳಗಳನ್ನು ಅವನು ನಂಬುತ್ತಾನೆ, ಬದುವಿನ ಒಂದು ಗೇಣಿಗಾಗಿ ಮೂರು ತಲೆಮಾರು ವ್ಯಾಜ್ಯ ಹೂಡಿದವನಿಗೆ ಅಳತೆಯಲ್ಲಿ ಮೋಸ ಮಾಡುವವನು ಹುಟ್ಟಿಲ್ಲ. ಇನ್ನೊಬ್ಬನ ಕೈಯಲ್ಲಿರುವ ಗಡಿಯಾರದ ಮುಳ್ಳನ್ನೋ? ಅದನ್ನು ಅವನು ಒಂದು ನಿಮಿಷದ ಮಟ್ಟಿಗೆ ಮಾತ್ರ ನಂಬಬಲ್ಲನು. ಬೆಳಗಾವಿ, ಬಾಗಲಕೋಟೆಗಳ ಕಡೆ ಗಾಲಿಯನ್ನು ಕಟ್ಟಿ ಬಂಡಿಯನ್ನು ಎಳೆಸುವ ತೆರಬಂಡಿಯಲ್ಲೂ ಗೊತ್ತಾದ ಅವಧಿಯೊಳಗೆ ಎಷ್ಟು ದೂರವೆಂಬುದೇ ಲೆಕ್ಕ. ನಮ್ಮ ಮುತ್ಯಾನ ಜಗ್ಗುವ ಎತ್ತುಗಳು ಹುಟ್ಟಬೇಕಾಗಿದ್ದದ್ದು ಆ ಸೀಮೆಯಲ್ಲಿ.

ಎತ್ತಿನ ಓಟದ ಈಚಿನ ಚರಿತ್ರೆಯು ಕಣಗಳಿಗಿಂತ ನ್ಯಾಯಾಲಯಗಳಲ್ಲಿ ಹೆಚ್ಚು ನಡೆದಿದೆ. ಅದನ್ನು ಬೇಗನೆ ಹೇಳಿ ಮುಗಿಸುತ್ತೇನೆ. 2011ರ ಜುಲೈ 11ರಂದು ಕೇಂದ್ರದ ಪರಿಸರ ಖಾತೆಯು ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಯಲ್ಲಿ, ಹುಲಿ ಸಿಂಹ ಕರಡಿಗಳ ಜೊತೆಗೆ ಹೋರಿಯನ್ನೂ ಸೇರಿಸಿತು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ತಮಿಳರ ಜಲ್ಲಿಕಟ್ಟನ್ನೂ ಮಹಾರಾಷ್ಟ್ರವೇ ಮೊದಲಾದೆಡೆಗಳ ಎತ್ತಿನ ಗಾಡಿಯ ಓಟವನ್ನೂ ನಿಷೇಧಿಸಿತು. 2017ರಲ್ಲಿ ಮಹಾರಾಷ್ಟ್ರವೂ ಕರ್ನಾಟಕವೂ ತಮ್ಮ ತಮ್ಮ ತಿದ್ದುಪಡಿಗಳನ್ನು ತಂದವು. ಮುಂಬಯಿ ಉಚ್ಚ ನ್ಯಾಯಾಲಯವು ಓಟಗಳಿಗೆ ತಡೆ ಕೊಟ್ಟದ್ದರಿಂದ ನಮ್ಮ ಕಡೆ ಮಾತ್ರ ಕಣಗಳು ಮುಚ್ಚಿಯೇ ಇದ್ದು, 2021ರ ಡಿಸೆಂಬರು 16ರಂದು ಸರ್ವೋಚ್ಚ ನ್ಯಾಯಾಲಯದ ಮಧ್ಯಂತರ ಅಪ್ಪಣೆಯಿಂದ ತೆರೆದವು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಈಗ ಜಿಲ್ಲಾಧಿಕಾರಿಗಳ ಅನುಮತಿ ಬೇಕು, ಓಟವು 1000 ಮೀಟರನ್ನು ಮೀರಕೂಡದು, ಚಾವಟಿ ಮುಳ್ಳುಗಳು ಕೂಡದು. ಬಾಲ ಕಚ್ಚಿ, ಮುಳ್ಳು ಚುಚ್ಚಿ ಎತ್ತನ್ನು ಓಡಿಸುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡವನಾದ್ದರಿಂದ, ನಿಷೇಧವನ್ನು ಬೇಡಿದವರನ್ನು ಹಳಿಯಲಾರೆ. ಹೊನ್ನುಗ್ಗಿಯ ದಿನ ಎತ್ತಿನ ಪಾದಕ್ಕೆ ಹಣೆ ಹಚ್ಚಿದವನನ್ನೂ ಕಂಡವನಾದ್ದರಿಂದ, ಓಟವನ್ನು ಬೇಡಿದವರನ್ನೂ ಹಳಿಯಲಾರೆ.

ಕಣಗಳು ಮುಚ್ಚಿದ್ದ ಆ ಅವಧಿಯಲ್ಲಿ ಜಾತ್ರೆಗಳ ಹುರುಪು ಎಲ್ಲಿಗೆ ಹೋಯಿತು? ಅಷ್ಟರಲ್ಲಿ ಹಟ್ಟಿಯ ಎತ್ತುಗಳ ಜಾಗದಲ್ಲಿ ಟ್ರ್ಯಾಕ್ಟರು ನಿಂತಾಗಿತ್ತು. ಹುರುಪೂ ಅಲ್ಲಿಗೇ ಹೋಯಿತೆಂದು ನನ್ನ ಊಹೆ. ಕೃಷ್ಣೆಯ ಎರಡೂ ದಂಡೆಯ ಕಬ್ಬಿನ ನಾಡಿನಲ್ಲಿ, ಸಾಂಗಲಿ ಕೊಲ್ಲಾಪುರಗಳಿಂದ ಬೆಳಗಾವಿ ಬಾಗಲಕೋಟೆಗಳವರೆಗೆ, ಟ್ರಾಲಿ ಜೋಡಿಸಿದ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಸ್ಪರ್ಧೆಯೊಂದು ಜಾತ್ರೆಗಳಲ್ಲಿ ಮೆರೆಯುತ್ತಿದೆ. ಎರಡು ಬದಿಗೂ ಗುರುತು ಹಾಕಿದ ಓಣಿಯೊಳಗೆ, ಗೆರೆಯನ್ನು ತುಳಿಯದೆ, ಎಲ್ಲರಿಗಿಂತ ಬೇಗ ಹಿಂದಕ್ಕೆ ಸರಿದವನು ಗೆದ್ದನು. ನೋಡುವವರಿಗೆ ಇದು ಹಾಸ್ಯವಾಗಿ ಕಂಡೀತು. ಮಾಡಿ ನೋಡಿದವರಿಗೆ ಗೊತ್ತು. ಟ್ರಾಲಿಯ ಹಿಂಬದಿ ಎಡಕ್ಕೆ ಹೊರಳಬೇಕಾದರೆ ಚುಕ್ಕಾಣಿಯನ್ನು ಬಲಕ್ಕೆ ತಿರುಗಿಸಬೇಕು. ತಿರುಗಿಸಿದ್ದು ಕೂದಲೆಳೆಯಷ್ಟು ಹೆಚ್ಚಾದರೆ ಟ್ರ್ಯಾಕ್ಟರೂ ಟ್ರಾಲಿಯೂ ಮಡಿಸಿದ ಕುಡುಗೋಲಿನಂತೆ ಒಂದಕ್ಕೊಂದು ಒರಗಿ ನಿಲ್ಲುತ್ತವೆ. ಮುಂಗಾಲಿಗಳೂ ಹೊರಳುವ ನಾಲ್ಕು ಗಾಲಿಯ ಟ್ರಾಲಿಯಾದರೆ ತಪ್ಪು ಇಮ್ಮಡಿಯಾಗುತ್ತದೆ. ಕಾರ್ಖಾನೆಯ ಅಂಗಳದಲ್ಲಿ ನೂರಾರು ಗಾಡಿಗಳ ನಡುವೆ ಕಬ್ಬಿನ ಹೊರೆಯನ್ನು ಸರದಿಗೆ ತಂದು ನಿಲ್ಲಿಸುವವನ ಕೈಗುಣವಿದು, ದುಡಿಮೆಯ ಕೌಶಲವೇ ಆಟವಾದದ್ದು. ಒಂಟಿ ಸವಾರ, ಗುರುತಿನ ದಾರಿ, ಎದುರಾಳಿಯಾಗಿ ಗಡಿಯಾರ: ಆಟೋಕ್ರಾಸಿನ ಲಕ್ಷಣಗಳೆಲ್ಲ ಇಲ್ಲಿ ಕೂಡಿಬಂದಿವೆ, ಅದೂ ಹಿಮ್ಮುಖವಾಗಿ.

ಪಟ್ಟಣಗಳ ಮೋಟಾರು ಓಟಕ್ಕೆ ಬೇರೆಯೇ ವಂಶವೃಕ್ಷ. ಎರಡನೆಯ ಮಹಾಯುದ್ಧವು ಲೋಕದ ಎಲ್ಲೆಡೆಯೂ ಬಿಟ್ಟುಹೋದ ವಿಮಾನಪಟ್ಟಿಗಳಲ್ಲಿ, ಯುದ್ಧದಿಂದ ಮರಳಿದ ತರುಣರು ಕಾರುಗಳನ್ನು ಓಡಿಸಿದರು. ನಮ್ಮಲ್ಲಿ ಮದರಾಸಿನ ಬಳಿಯ ಷೋಳಾವರಂ ಅಂಥ ಒಂದು ಪಟ್ಟಿ. ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು 1953ರಲ್ಲಿ ಹುಟ್ಟಿತು, ಬಹುಕಾಲ ಆ ಪಟ್ಟಿಯ ಮೇಲೆಯೇ ಓಟಗಳನ್ನು ನಡೆಸಿ, 1990ರಲ್ಲಿ ಇರುಂಗಾಟುಕೋಟೆಯಲ್ಲಿ ತನ್ನದೇ ದಾರಿಯನ್ನು ಕಟ್ಟಿಕೊಂಡಿತು. ದೇಶದ ಕ್ಲಬ್ಬುಗಳ ಒಕ್ಕೂಟವು 1971ರದು. ಮಾರುತಿಯ ಎಂಜಿನ್ನಿನಿಂದ ಅಗ್ಗದ ರೇಸುಕಾರನ್ನು ಕಟ್ಟಿ ಅನೇಕ ಹುಡುಗರಿಗೆ ದಾರಿ ತೆರೆದ ಎಸ್. ಕರಿವರ್ಧನರ ಸ್ಮರಣಾರ್ಥವಾಗಿ ಕೊಯಮತ್ತೂರಿನ ವೈಹಾಳಿಗೆ ಕರಿ ಎಂಬ ಹೆಸರಿಟ್ಟಿದ್ದಾರೆಂದು ಓದಿದಾಗ, ನಮ್ಮ ಅಗಸಿಯ ಕರಿಯನ್ನು ನೆನೆದು ನಾನು ಒಬ್ಬನೇ ನಕ್ಕೆ. ಕಾಕತಾಳೀಯವು ಕೂಡ ಕೆಲವು ಸಲ ಕನ್ನಡವನ್ನು ಬಲ್ಲದು.

ಆಟೋಕ್ರಾಸಿನದು ಇದರ ಕಿರಿಯ ಶಾಖೆ. ಇಂಗ್ಲೆಂಡಿನಲ್ಲಿ ಅದು ಹುಲ್ಲುಗಾವಲುಗಳ ಮೇಲೆಯೂ ಕೊಯ್ಲಾದ ಗೋದಿಹೊಲಗಳ ಕೂಳೆಯ ಮೇಲೆಯೂ ಬೆಳೆಯಿತು. ಅದರ ಮಗಳೆನ್ನಬಹುದಾದ ರಾಲಿಕ್ರಾಸು 1967ರಲ್ಲಿ ಲಿಡನ್ ಹಿಲ್ಲಿನಲ್ಲಿ ಟೆಲಿವಿಷನ್ನಿಗಾಗಿಯೇ ಹುಟ್ಟಿತು. ಅಮೆರಿಕದಲ್ಲಿ ಅದೇ ಹೆಸರಿನ ಆಟವು ವಾಹನ ನಿಲ್ಲಿಸುವ ಬಯಲುಗಳ ಡಾಂಬರನ್ನು ಆರಿಸಿಕೊಂಡು, ಕೋನುಗಳ ನಡುವಣ ನಾಜೂಕಿನ ನೃತ್ಯವಾಯಿತು. 1944ರಲ್ಲಿ ಸ್ಥಾಪಿತವಾದ ಅಲ್ಲಿಯ ಸ್ಪೋರ್ಟ್ಸ್ ಕಾರ್ ಕ್ಲಬ್ಬು 1973ರಿಂದ ರಾಷ್ಟ್ರಮಟ್ಟದ ಸ್ಪರ್ಧೆಯನ್ನು ನಡೆಸುತ್ತಿದೆ, ಮತ್ತು ಉರುಳಿಸಿದ ಕೋನೊಂದಕ್ಕೆ ಎರಡು ಸೆಕೆಂಡಿನ ದಂಡ ಹಾಕುತ್ತದೆ. ಭಾರತದ ಆಟೋಕ್ರಾಸು ಹೆಚ್ಚಾಗಿ ಇಂಗ್ಲೆಂಡಿನ ಮಣ್ಣಿನ ಮಾದರಿಯದು. ಕರ್ನಾಟಕದಲ್ಲಿ ಕಾಫಿಯ ನಾಡು ಅದನ್ನು ಮಡಿಲಲ್ಲಿ ಸಾಕಿತು: ತೋಟದ ಕಚ್ಚಾರಸ್ತೆಗಳಲ್ಲಿ ಜೀಪು ಜಿಪ್ಸಿಗಳನ್ನು ದಿನವೂ ಓಡಿಸುವ ಚಿಕ್ಕಮಗಳೂರು, ಕೊಡಗುಗಳ ತರುಣರಿಗೆ ರಾಲಿಯೆಂಬುದು ಹೊಟ್ಟೆಪಾಡಿನ ದಾರಿಯ ಮುಂದುವರಿಕೆಯಷ್ಟೆ, ಕೊಡಗಿನಲ್ಲಿ ಬತ್ತ ಕೊಯ್ದ ಗದ್ದೆಯೇ ಎಷ್ಟೋ ಸಲ ಕಣವಾಗುತ್ತದೆ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರಾಲಿಯು ದೇಶದ ಹಳೆಯ ರಾಲಿಗಳಲ್ಲೊಂದು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ಮೇಲೆ ನಡುವರ್ಗದವನ ಮನೆಯ ಮುಂದೂ ಒಂದು ಕಾರು ನಿಂತಿತು. ಈ ಆಟಕ್ಕೆ ಬೇಕಾದ ಉಳುವ ಎತ್ತು ಆಗ ಸಿಕ್ಕಿದಂತಾಯಿತು. ಮುಂದೆ ಇಲ್ಲಿಯೂ ಶರ್ಯತ್ತಿನ ಕಥೆಯೇ ಮರುಕಳಿಸಿತು. ಆಸನಗಳನ್ನು ಕಿತ್ತು ಭಾರ ಇಳಿಸಿ, ಒಳಗೆ ಉಕ್ಕಿನ ಪಂಜರ ಕೂರಿಸಿ, ಎಂಜಿನ್ನನ್ನು ತಿದ್ದಿ, ಬೇರೆ ಲಾರಿಯ ಮೇಲೆ ಹೇರಿಕೊಂಡು ತರುವ ಕಾರುಗಳು ಬಂದವು. ಅವು ಸಂತೆಗೆ ಹೋಗುವುದಿಲ್ಲ. ಬಾದಾಮಿ ತಿನ್ನುವ ಎತ್ತುಗಳು ಅವು. ಅವುಗಳಿಗೆ ಬೇರೆ ವರ್ಗ ಮಾಡಿ, ಮನೆಯ ಕಾರಿಗೂ ನಾಲ್ಕು ಮಾರು ಜಾಗ ಉಳಿಸಿದ್ದಾರೆಂಬುದೇ ಸಮಾಧಾನ.

ನಮ್ಮ ಹುಡುಗನಂಥವನಿಗೆ ಆರಂಭದಲ್ಲಿ ಬೇಕಾದದ್ದು ಬಹಳವಲ್ಲ. ಗಟ್ಟಿಯಾದ ಶಿರಸ್ತ್ರಾಣ, ಹಿಡಿಯುವ ಬ್ರೇಕು, ಸವೆಯದ ಟೈರು, ಸೊಂಟದ ಪಟ್ಟಿ, ಕಾರಿನೊಳಗೆ ಉರುಳಾಡುವ ಯಾವ ವಸ್ತುವೂ ಇಲ್ಲದಿರುವುದು. ಒಕ್ಕೂಟ ಮನ್ನಿಸಿದ ಸ್ಪರ್ಧೆಗಾದರೆ ಅದರ ಲೈಸೆನ್ಸು. ಓಡುವ ಮೊದಲು ದಾರಿಯನ್ನು ಕಾಲ್ನಡೆಯಿಂದ ಸುತ್ತಿ ಮನಸ್ಸಿನಲ್ಲಿ ಬರೆದುಕೊಳ್ಳುವುದು ಈ ಆಟದ ಅರ್ಧ ವಿದ್ಯೆಯಂತೆ. ತಿರುವನ್ನು ನಿಧಾನವಾಗಿ ಹೊಕ್ಕು ಬೇಗನೆ ಹೊರಡಬೇಕು, ನೋಟವು ಮುಂದಿನ ಕೋನಿನ ಮೇಲಲ್ಲ ಅದರಾಚೆಯ ಕೋನಿನ ಮೇಲಿರಬೇಕು ಎಂದು ಅವನು ಹೇಳಿದಾಗ, ಸಾಲು ಹೊಡೆಯುವವನು ನೇಗಿಲಿನ ಕುಳವನ್ನು ನೋಡಬಾರದು, ಹೊಲದ ಅಂಚಿನ ಮರವನ್ನು ನೋಡಬೇಕೆಂದು ಮುತ್ಯಾ ನನಗೆ ಕಲಿಸಿದ್ದು ನೆನಪಾಯಿತು. ನೆಲದ ಆಯ್ಕೆಯಲ್ಲೂ ಹುಡುಗನು ಜಾಣನೇ. ಎರೆಯು ಬೇಸಗೆಯಲ್ಲಿ ಅಂಗೈಯಗಲ ಬಿರಿದು ಗಾಲಿಯನ್ನು ನುಂಗುತ್ತದೆ, ಒಂದು ಅಡ್ಡಮಳೆ ಬಿದ್ದರೆ ಟೈರಿಗೆ ಮೆತ್ತಿ ಅದನ್ನು ಹಿಟ್ಟಿನ ಮುದ್ದೆ ಮಾಡುತ್ತದೆ. ಬೆಳೆಗೆ ಬಾರದ ಮರಡಿಯೇ ಓಟಕ್ಕೆ ಯೋಗ್ಯ.

ಎರಡನೆಯ ದಿನ ಬೆಳಿಗ್ಗೆ ನಾನೂ ಹೋಗಿ ಬದುವಿನ ಬೇವಿನ ಕೆಳಗೆ ಕುಳಿತೆ. ಕೋನುಗಳಿಗೆ ಹಣ ಹಾಕುವುದು ಬೇಡವೆಂದು ಮನೆಯ ಹಳೆಯ ಬುಟ್ಟಿಗಳನ್ನು ಬೋರಲು ಹಾಕಿ ಸುಣ್ಣ ಬಳಿದು ಸಾಲಾಗಿ ಇಟ್ಟಿದ್ದನು. ರಾಶಿಯ ಕಾಲದಲ್ಲಿ ಜೋಳವನ್ನು ತುಂಬಿ ಹೊರುತ್ತಿದ್ದ ಬುಟ್ಟಿಗಳು ಅವು. ಕಾರಿನ ಮೂತಿಗೆ ತಂಗಿಯು ಅರಿಸಿನ ಕುಂಕುಮ ಹಚ್ಚಿ ಕಳಿಸಿದ್ದಳು. ನನ್ನ ಕೈಗೆ ತನ್ನ ಮೊಬೈಲನ್ನು ಕೊಟ್ಟು, ಎಲ್ಲಿ ಒತ್ತಬೇಕೆಂದು ಮೂರು ಸಲ ತೋರಿಸಿ, ಗೆರೆಯ ಮೇಲೆ ಗಾಡಿಯನ್ನು ನಿಲ್ಲಿಸಿದನು. ನಾನು ಕೈ ಬೀಸಿದೆ. ಹರಳು ಚಿಮ್ಮಿತು, ಧೂಳೆದ್ದು ಕಾರು ಕಾಣದಾಯಿತು, ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಅದರ ಸದ್ದು ಮಾತ್ರ ಹೊರಳಿತು. ಮತ್ತೆ ಕಂಡಾಗ ಅದು ಕೊನೆಯ ಗೆರೆಯನ್ನು ದಾಟಿ ಬಹು ದೂರ ಹೋಗಿ ನಿಂತಿತ್ತು. ಬೆವರಿದ ಮುಖದಿಂದ ಓಡಿಬಂದು, "ಎಷ್ಟಾತು ಮುತ್ಯಾ?" ಎಂದನು. ಐವತ್ತೆಂಟು ಸೆಕೆಂಡು ಆಗಿತ್ತು. ಧೂಳು ಕುಳಿತ ಮೇಲೆ ನೋಡಿದರೆ ಎರಡು ಬುಟ್ಟಿಗಳು ಮಗುಚಿ ಬಿದ್ದಿದ್ದವು. "ಅರವತ್ತೆರಡು" ಎಂದೆ.